ಹಸಿರು ಸೀರೆಯ ಹರಕೆ

ಗಂಡಸು ಸೀರೆ ಉಟ್ಟು ಬರುವ ಸಿನಿಮಾಗಳೆಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಪ್ರಾಣ. ನನ್ನ ಗಂಡ ಠಾಣೆ ಶಹರದ ಕೋಪರಿಯಲ್ಲಿ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ದುಡ್ಡು ಎಣಿಸುತ್ತ ಕೂರುವವರು. ಅಲ್ಲಿಗೆ ಬರುವವರೆಲ್ಲ ಆಫೀಸಿನ ಜನ, ಭಾನುವಾರ ವ್ಯಾಪಾರ ಕಡಿಮೆ, ಹಾಗಾಗಿ ಆ ದಿನ ಇವರಿಗೆ ರಜೆ. ಡೊಂಬಿವಲಿ ಎಂಐಡಿಸಿಯ ನಮ್ಮ ಚಿಕ್ಕ ಫ್ಲ್ಯಾಟಿನಲ್ಲಿ ಮಧ್ಯಾಹ್ನ ಮೀನು ಸಾರಿನ ಊಟ ಮುಗಿಸಿ, ಕಾರ್ಖಾನೆಗಳ ವಾಸನೆ ಒಳಗೆ ಬಾರದಂತೆ ಕಿಟಕಿ ಮುಚ್ಚಿ, ಟೀವಿಯ ಮುಂದೆ ಚಾಪೆ ಹಾಸಿದರೆ ಯಾವುದಾದರೊಂದು ಚಾನೆಲಿನಲ್ಲಿ ಇಂಥದ್ದೊಂದು ಸಿನಿಮಾ ಇದ್ದೇ ಇರುತ್ತಿತ್ತು. ಹಿಂದಿಯೋ ಮರಾಠಿಯೋ ಕನ್ನಡವೋ, ಕತೆ ಹೆಚ್ಚುಕಡಿಮೆ ಒಂದೇ. ನಾಯಕನಿಗೆ ಬಾಡಿಗೆ ಮನೆ ಸಿಗುವುದಿಲ್ಲ, ಇಲ್ಲವೇ ಕೆಲಸ ಸಿಗುವುದಿಲ್ಲ, ಇಲ್ಲವೇ ಪೊಲೀಸರಿಂದ ತಪ್ಪಿಸಿಕೊಳ್ಳಬೇಕು. ಅವನು ಮೀಸೆ ಬೋಳಿಸಿ, ಸೀರೆ ಉಟ್ಟು, ಸೋಡಾಬುಡ್ಡಿ ಕನ್ನಡಕ ಹಾಕಿಕೊಂಡು ಯಾರದೋ ಅತ್ತೆಯಾಗಿ ಬರುತ್ತಾನೆ. ಮನೆಯವರಿಗೇ ಅವನ ಗುರುತು ಸಿಗುವುದಿಲ್ಲ. ಪಕ್ಕದ ಮನೆಯ ಮುದುಕ ಅವನ ಹಿಂದೆ ಬೀಳುತ್ತಾನೆ.

ಇವರು ನಗುವುದನ್ನು ನೋಡಬೇಕು. ಗಲ್ಲೆಯಲ್ಲಿ ಕೂತು ಕೂತು ಹಲ್ಲು ಕಾಣಿಸುವುದನ್ನೇ ಮರೆತ ಮನುಷ್ಯ, ಆ ದೃಶ್ಯ ಬಂದರೆ ಹೆಗಲ ಮೇಲಿನ ಬೈರಾಸನ್ನು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ನಮ್ಮ ಒಬ್ಬನೇ ಮಗ ಅಪ್ಪನ ತೊಡೆಯ ಮೇಲೆ ತಲೆಯಿಟ್ಟು, ಅವರ ಹೊಟ್ಟೆ ಕುಣಿದಂತೆಲ್ಲ ತಾನೂ ಕುಣಿಯುತ್ತ ನಗುತ್ತಿದ್ದ. ಕೊನೆಗೆ ಇವರದು ಒಂದೇ ಮಾತು. "ಇದೊಂದು ಮಾತ್ರ ಸುಳ್ಳು ಮಾರಾಯ್ತಿ. ಸೀರೆ ಉಟ್ಟ ಕೂಡಲೇ ಮನೆಯವರಿಗೆ ಗುರುತು ಸಿಗುವುದಿಲ್ಲ ಅಂದ್ರೆ ಯಾರು ನಂಬ್ತಾರೆ?"

ನಾನೂ ನಗುತ್ತಿದ್ದೆ, ಆದರೆ ಅರ್ಧ ಮನಸ್ಸಿನಿಂದ. ಅದಕ್ಕೆ ಕಾರಣವಿತ್ತು. ಆ ಕಾರಣವನ್ನು ನಾನು ಹದಿನೈದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ.

ಮಗನಿಗೆ ನಾಲ್ಕು ವರ್ಷವಿದ್ದಾಗ ಡೆಂಗ್ಯೂ ಬಂದು ಠಾಣೆಯ ಒಂದು ಆಸ್ಪತ್ರೆಯ ಐಸಿಯುವಿನಲ್ಲಿ ಮಲಗಿದ್ದ. ಮೂರನೆಯ ದಿನ ಡಾಕ್ಟರು ಇನ್ನೇನೂ ಹೇಳಲಾರೆ, ನಾಳೆಯವರೆಗೆ ನೋಡೋಣ ಎಂದುಬಿಟ್ಟರು. ಇವರು ರಕ್ತಕ್ಕಾಗಿ ಓಡಾಡುತ್ತಿದ್ದರು. ನಾನು ಹೊರಗಿನ ಬೆಂಚಿನ ಮೇಲೆ ಒಬ್ಬಳೇ. ಗೋಡೆಯ ಟೀವಿಯಲ್ಲಿ ಇಂಥದ್ದೇ ಒಂದು ಸಿನಿಮಾ ನಡೆಯುತ್ತಿತ್ತು. ದಪ್ಪ ಹೊಟ್ಟೆಯ ಒಬ್ಬ ಮನುಷ್ಯ ಸೀರೆ ಉಟ್ಟು ಬಸ್ಸು ಹತ್ತಲು ಹೋಗಿ ನಿರಿಗೆ ಬಿಚ್ಚಿಹೋಯಿತು. ಕಾಯುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ.

ನಕ್ಕದ್ದು ಕಿವಿಗೆ ಬಿದ್ದ ಮೇಲೆ ನನಗೆ ಜೀವ ಹೋದಂತಾಯಿತು. ಒಳಗೆ ಮಗು ಸಾಯುತ್ತಿದೆ, ಹೊರಗೆ ತಾಯಿ ನಗುತ್ತಿದ್ದಾಳೆ. ಇವಳೂ ಒಬ್ಬಳು ತಾಯಿಯೇ? ಆ ಗಾಬರಿಯಲ್ಲಿ, ಆ ನಾಚಿಕೆಯಲ್ಲಿ ಕೈ ಮುಗಿದು ಊರಿನ ದೇವಿಗೆ ಹೇಳಿಕೊಂಡುಬಿಟ್ಟೆ: ಮಗನನ್ನು ಉಳಿಸಿಕೊಡು ತಾಯಿ, ಅವನ ಅಪ್ಪನ ಕೈಯಲ್ಲಿ ನವರಾತ್ರಿಗೆ ಹೆಣ್ಣು ವೇಷ ಹಾಕಿಸುತ್ತೇನೆ.

ನಮ್ಮ ಉಡುಪಿ ಕಡೆಯಲ್ಲಿ ಇದೇನೂ ಹೊಸತಲ್ಲ. ನವರಾತ್ರಿಗೆ ವೇಷ ಹಾಕುವ ಹರಕೆ ಹೇಳಿಕೊಳ್ಳುವುದು, ಹುಲಿಯೋ ಕರಡಿಯೋ ಹೆಣ್ಣೋ ಆಗಿ ಮನೆಮನೆಗೆ ಹೋಗಿ, ಸಿಕ್ಕಿದ್ದನ್ನು ದೇವರಿಗೆ ಒಪ್ಪಿಸುವುದು ಅಲ್ಲಿ ನಡೆದುಕೊಂಡು ಬಂದದ್ದೇ. ಆದರೆ ತನ್ನ ಮೈಗೆ ತಾನು ಹೇಳಿಕೊಳ್ಳುವುದು ಬೇರೆ, ಗಂಡನ ಮೈಗೆ ಹೆಂಡತಿ ಹೇಳಿಕೊಳ್ಳುವುದು ಬೇರೆ. ಅದೂ ಒಂದು ಮಾತು ಕೇಳದೆ. ಮರುದಿನ ಮಗನ ಜ್ವರ ಇಳಿಯಿತು. ಮಗ ಉಳಿದ. ನನ್ನ ಬಾಯಿಯೂ ಅಂದೇ ಮುಚ್ಚಿತು.

ಹೇಗೆ ಹೇಳಲಿ? ಇವರಿಗೆ ಇದ್ದ ಒಂದೇ ಆಸ್ತಿ ಅಂದರೆ ಮೀಸೆ. ವರ್ಷ ವರ್ಷ ನವರಾತ್ರಿ ಬಂದಾಗ ಮುಂದಿನ ಸಲ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ದೇವಿಗೆ ತಪ್ಪು ಕಾಣಿಕೆ ಇಡುತ್ತಿದ್ದೆ. ಹಾಗೇ ಮಗನಿಗೆ ಹತ್ತೊಂಬತ್ತು ಆಯಿತು.

ಕಳೆದ ವರ್ಷ ಮಳೆಗಾಲದಲ್ಲಿ ಅವನು ಗೆಳೆಯನ ಸ್ಕೂಟರಿನಲ್ಲಿ ಕಲ್ಯಾಣದ ಕಾಲೇಜಿನಿಂದ ಬರುವಾಗ ಬಿದ್ದು ಹೆಗಲಿನ ಮೂಳೆ ಮುರಿದುಕೊಂಡ. ಹಿಂದಿನಿಂದ ಬಂದ ಟ್ಯಾಂಕರು ಒಂದು ಮಾರು ದೂರದಲ್ಲಿ ಬ್ರೇಕು ಹಾಕಿ ನಿಂತಿತ್ತಂತೆ. ಊರಿನಿಂದ ಅತ್ತೆ ಫೋನು ಮಾಡಿ, ಎಲ್ಲ ವಿಚಾರಿಸಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದರು. "ಹರಕೆ ಎಂತದಾದ್ರೂ ಬಾಕಿ ಉಂಟಾ ನಿಮ್ಮದು?"

ಫೋನು ಸ್ಪೀಕರಿನಲ್ಲಿತ್ತು. ಇವರು ಎದುರಿಗೇ ಕೂತಿದ್ದರು. ನನಗೆ ಅಳು ಒತ್ತಿಕೊಂಡು ಬಂದು ಎಲ್ಲವನ್ನೂ ಕಕ್ಕಿಬಿಟ್ಟೆ.

ಇವರು ಬಾಯಿ ತೆರೆದವರು ಹಾಗೇ ಕೂತರು. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ. ಅತ್ತೆ ಆ ಕಡೆಯಿಂದ ಹಲೋ ಹಲೋ ಎನ್ನುತ್ತಲೇ ಇದ್ದರು. ಕೊನೆಗೆ ಇವರು ನನ್ನ ಕಡೆ ತಿರುಗಿ ಕೇಳಿದ್ದು ಇಷ್ಟೇ: "ಯಾವ ಸೀರೆ?"

ಹೋಟೆಲಿನಲ್ಲಿ ನವರಾತ್ರಿಗೆ ಊರಿಗೆ ಹೋಗುವಷ್ಟು ರಜೆ ಸಿಗುವುದಿಲ್ಲ. ಇಲ್ಲಿಯೇ ಹಾಕಿ, ಸಿಕ್ಕಿದ್ದನ್ನು ಗಂಟು ಕಟ್ಟಿ ಊರಿಗೆ ಕಳಿಸಿದರೆ ಆಗುತ್ತದೆ ಎಂದರು ಅತ್ತೆ. ಜೊತೆಗೆ ತಮ್ಮ ಕಾಲದ ಕಟ್ಟಳೆಗಳನ್ನೂ ಹೇಳಿದರು. ಏಳು ಮನೆಗೆ ಹೋಗಬೇಕು. ಕೊಟ್ಟದ್ದನ್ನು ಬೇಡ ಎನ್ನಬಾರದು. ಏಳು ಮನೆ ಮುಗಿಯುವವರೆಗೆ ವೇಷ ಕಳಚಬಾರದು. ಸ್ವಂತ ಮನೆಯವರು ಕೊಟ್ಟದ್ದು ಹರಕೆಗೆ ಸಲ್ಲುವುದಿಲ್ಲ.

ಮಗನಿಗೆ ಈ ವಿಷಯ ಹೇಳಿದಾಗ ಅವನ ಮುಖ ಕೆಂಪಾಯಿತು. ಅವನಿಗೆ ಕನ್ನಡ, ತುಳು ಎರಡೂ ಅರ್ಥವಾಗುತ್ತವೆ. ಉತ್ತರ ಮಾತ್ರ ಹಿಂದಿಯಲ್ಲಿ. ತನ್ನ ಗೆಳೆಯರೆಲ್ಲ ಇದೇ ಏರಿಯಾದವರು, ಯಾರಾದರೂ ವಿಡಿಯೋ ಮಾಡಿ ಹಾಕಿದರೆ ತಾನು ಕಾಲೇಜಿಗೆ ಹೋಗುವ ಹಾಗಿಲ್ಲ ಎಂದ. ಟೀವಿಯಲ್ಲಿ ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತೀಯಲ್ಲ ಎಂದು ನಾನು ಕೇಳಿದೆ. ವೋ ಫಿಲ್ಮ್ ಹೈ ಮಮ್ಮಿ ಎಂದು ಬಾಗಿಲು ಹಾಕಿಕೊಂಡ. ಆ ದಿನ ತಾನು ಮನೆಯಲ್ಲೇ ಇರುವುದಿಲ್ಲ ಎಂದೂ ಒಳಗಿನಿಂದಲೇ ಹೇಳಿದ.

ನಿಜ ಹೇಳಬೇಕೆಂದರೆ ನನಗೂ ಅವನಿಗಿಂತ ಹೆಚ್ಚು ಧೈರ್ಯವೇನೂ ಇರಲಿಲ್ಲ. ಇವರ ಅಳತೆಗೆ ಬ್ಲೌಸು ಹೊಲಿಸಲು ಹೋದಾಗ ಊರಿನಿಂದ ನಾದಿನಿ ಬಂದಿದ್ದಾಳೆ ಎಂದು ಟೈಲರಿಗೆ ಸುಳ್ಳು ಹೇಳಿದೆ. ಅವನು ಟೇಪನ್ನು ಎರಡು ಸಲ ನೋಡಿ ನಾದಿನಿಯ ಆರೋಗ್ಯ ವಿಚಾರಿಸಿದ. ನಮ್ಮ ಬಿಲ್ಡಿಂಗಿನಲ್ಲಿ ಯಾವ ಮನೆಗೂ ಹೋಗುವುದು ಬೇಡ, ಮೂರು ಗಲ್ಲಿ ಆಚೆ ಗುರುತಿಲ್ಲದ ಮನೆಗಳಿಗೆ ಹೋಗೋಣ ಎಂದವಳೂ ನಾನೇ. ಮುಖ್ಯವಾಗಿ ಎದುರಿನ ಫ್ಲ್ಯಾಟಿನವರಿಗೆ ಸುಳಿವು ಸಿಗಬಾರದಿತ್ತು. ವಿಜಯಪುರ ಕಡೆಯ ವ್ಯಾಪಾರಸ್ಥರು, ಒಳ್ಳೆಯ ಜನ, ಆದರೆ ಅವರ ಮಗನೂ ನಮ್ಮ ಮಗನೂ ಒಂದೇ ತಟ್ಟೆಯಲ್ಲಿ ತಿನ್ನುವ ಗೆಳೆಯರು.

ನವರಾತ್ರಿಯ ಶುಕ್ರವಾರ ಇವರು ರಜೆ ಹಾಕಿದರು. ಮಗ ಬೆಳಿಗ್ಗೆ ಏಳಕ್ಕೇ ಚೀಲ ಹಾಕಿಕೊಂಡು ಹೊರಟುಹೋದ. ಇವರು ಸ್ನಾನ ಮಾಡಿ ಮೀಸೆ ತೆಗೆದು ಹೊರಗೆ ಬಂದರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಆ ಮೇಲ್ತುಟಿಯನ್ನು ನಾನು ನೋಡಿರಲಿಲ್ಲ. ಯಾರೋ ಪರ ಗಂಡಸು ಬಚ್ಚಲಿನಿಂದ ಬಂದಂತಾಗಿ ನಾನು ಸೆರಗು ಸರಿಮಾಡಿಕೊಂಡೆ.

ಹಳೆಯ ಪಾಲಿಯೆಸ್ಟರ್ ಸೀರೆಯೊಂದನ್ನು ತೆಗೆದಿಟ್ಟಿದ್ದೆ. ಇವರು ಅದನ್ನು ಮುಟ್ಟಲಿಲ್ಲ. ದೇವಿಗೆ ಹಾಕುವ ವೇಷಕ್ಕೆ ಪಾತ್ರೆಯವನಿಗೆ ಕೊಡುವ ಸೀರೆ ಯಾಕೆ ಎಂದು ಕಪಾಟು ತೆರೆದು ನನ್ನ ಹಸಿರು ರೇಷ್ಮೆಯನ್ನೇ ತೆಗೆದರು. ಕಡುಗೆಂಪು ಅಂಚಿನದು, ನನ್ನ ತಮ್ಮನ ಮದುವೆಗೆ ಕೊಂಡದ್ದು. ಆಮೇಲಿನ ಎಲ್ಲ ಮದುವೆ ಮುಂಜಿಯ ಫೋಟೋಗಳಲ್ಲೂ ನಾನು ಅದರಲ್ಲೇ ಇದ್ದೇನೆ. ಸಿನಿಮಾದವರು ಎದೆಗೆ ಏನೇನೋ ತುರುಕಿಕೊಳ್ಳುತ್ತಾರಲ್ಲ, ಹಾಗೆ ಬಟ್ಟೆ ಸುತ್ತಿ ಕೊಡಲೇ ಎಂದು ಕೇಳಿದೆ. "ಅದೆಲ್ಲ ಬೇಡ. ನಗಿಸ್ಲಿಕ್ಕೆ ಹೋಗುವುದಲ್ಲ ನಾವು" ಎಂದರು.

ನಿರಿಗೆ ಹಿಡಿದು, ಪಿನ್ನು ಹಾಕಿ, ಚೌರಿ ಕಟ್ಟಿ ಹೂ ಮುಡಿಸಿ, ಕಾಡಿಗೆ ಹಚ್ಚಿ ಕುಂಕುಮ ಇಟ್ಟೆ. ನಗು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಇವರು ಕನ್ನಡಿಯ ಮುಂದೆ ನಿಂತು ಬಹಳ ಹೊತ್ತು ನೋಡಿಕೊಂಡು, ಅಮ್ಮನ ಹಾಗೆ ಕಾಣ್ತೇನಲ್ಲ ಎಂದರು. ಹೌದು, ಅತ್ತೆಯೇ ನಿಂತಂತಿತ್ತು. ಅಂದು ನನಗೆ ತಗುಲಿದ ಆಘಾತಗಳಲ್ಲಿ ಅದು ಮೊದಲನೆಯದು, ಮತ್ತು ಅತಿ ಚಿಕ್ಕದು.

ಊರಿನಲ್ಲಿ ವೇಷದ ಜೊತೆ ತಾಸೆ ಬಡಿಯುವವರು ಇರುತ್ತಾರೆ. ದೂರದಿಂದಲೇ ಸದ್ದು ಕೇಳಿ ಹೆಂಗಸರು ಅಕ್ಕಿ, ಚಿಲ್ಲರೆ ತೆಗೆದಿಟ್ಟು ಕಾಯುತ್ತಾರೆ. ಇಲ್ಲಿ ತಾಸೆಯೂ ಇಲ್ಲ, ಕಾಯುವವರೂ ಇಲ್ಲ. ಇವರು ಮುಂದೆ, ನಾನು ಚೀಲ ಹಿಡಿದುಕೊಂಡು ಹತ್ತು ಹೆಜ್ಜೆ ಹಿಂದೆ. ಒಟ್ಟಿಗೆ ನಡೆ ಎಂದು ಇವರು ಹೇಳಲಿಲ್ಲ, ನಾನೂ ನಡೆಯಲಿಲ್ಲ. ರಿಕ್ಷಾದವರು ಸೀಟಿ ಹೊಡೆದರು. ಒಬ್ಬಳು ಹೆಂಗಸು ಮಗುವಿನ ಕಣ್ಣು ಮುಚ್ಚಿ ಆ ಕಡೆಗೆ ದಾಟಿದಳು. ಮೂರು ಗಲ್ಲಿ ದಾಟುವಷ್ಟರಲ್ಲಿ ನನಗೆ ಒಂದು ವಿಷಯ ತಿಳಿದುಹೋಯಿತು. ಇವರನ್ನು ಯಾರೂ ವೇಷ ಎಂದುಕೊಳ್ಳುತ್ತಿರಲಿಲ್ಲ. ಸಿಗ್ನಲಿನಲ್ಲಿ, ಲೋಕಲ್ ಟ್ರೇನಿನಲ್ಲಿ ಚಪ್ಪಾಳೆ ತಟ್ಟಿ ಬೇಡುತ್ತಾರಲ್ಲ, ಆ ಮಂಗಳಮುಖಿಯರಲ್ಲಿ, ಇಲ್ಲಿಯವರು ಹೇಳುವ ಕಿನ್ನರರಲ್ಲಿ, ಒಬ್ಬರು ಎಂದುಕೊಂಡಿದ್ದರು.

ಇದು ನನಗೆ ಹೊಳೆದೇ ಇರಲಿಲ್ಲ. ಹದಿನೈದು ವರ್ಷ ಯೋಚಿಸಿದ್ದೆ, ಮೀಸೆಯನ್ನು, ಅಪಹಾಸ್ಯವನ್ನು, ಬ್ಲೌಸನ್ನು ಕೂಡ ಯೋಚಿಸಿದ್ದೆ. ಊರಿನ ಹರಕೆಯನ್ನು ಡೊಂಬಿವಲಿಗೆ ತಂದರೆ ಅದು ಬೇರೆಯೇ ಆಗುತ್ತದೆ ಎಂದು ಮಾತ್ರ ಯೋಚಿಸಿರಲಿಲ್ಲ. ವಾಪಸು ಹೋಗೋಣ ಎಂದು ಹೇಳಲು ಓಡಿ ಮುಂದೆ ಹೋದೆ. ಇವರು ಆಗಲೇ ಮೊದಲ ಮನೆಯ ಬೆಲ್ಲು ಒತ್ತಿದ್ದರು.

ಮೊದಲ ಎರಡು ಮನೆಯವರು ಮುಖ ನೋಡದೆ ನೋಟು ಕೊಟ್ಟು ಬಾಗಿಲು ಹಾಕಿದರು. ಮೂರನೆಯ ಮನೆಯಲ್ಲಿ ಒಬ್ಬ ಮರಾಠಿ ಅಜ್ಜಿ ಬಾಗಿಲು ತೆರೆದವರು, ಇವರನ್ನು ಕಂಡು ಖುಷಿಯಿಂದ ಒಳಗೆ ಓಡಿದರು. ಹೊರಗೆ ಬಂದಾಗ ಕೈಯಲ್ಲಿ ಬಟ್ಟೆ ಸುತ್ತಿದ ಕೂಸು. ಇಪ್ಪತ್ತು ದಿನವೂ ಆಗಿರಲಿಕ್ಕಿಲ್ಲ. ಕಿನ್ನರರ ಆಶೀರ್ವಾದ ಸುಳ್ಳಾಗುವುದಿಲ್ಲ, ನವರಾತ್ರಿಯಲ್ಲಿ ತಾನಾಗಿ ಬಂದಿದ್ದೀರಿ, ಮೊಮ್ಮಗಳನ್ನು ಹರಸಿ ಎಂದು ಇವರ ತೋಳಿಗೆ ಇಟ್ಟೇಬಿಟ್ಟರು.

ಇದು ಮೋಸ, ಕೂಸಿನ ಮೇಲೆ ಮೋಸ ಎಂದು ಮನಸ್ಸು ಕೂಗಿತು. ಆದರೆ ನಾನು ಚೀಲವನ್ನು ಅವಚಿಕೊಂಡು ಹಿಂದೆಯೇ ನಿಂತೆ. ಇವರು ಕೂಸನ್ನು ಹಿಡಿದುಕೊಂಡು ಒಂದು ಗಳಿಗೆ ನನ್ನ ಕಡೆ ನೋಡಿದರು. ಆಮೇಲೆ ತಲೆ ಬಗ್ಗಿಸಿ, ಕೂಸಿನ ನೆತ್ತಿಯ ಮೇಲೆ ಕೈಯಿಟ್ಟು, ನಮ್ಮ ಮಗನನ್ನು ಆಸ್ಪತ್ರೆಯಿಂದ ತಂದ ದಿನ ಅವನ ನೆತ್ತಿ ಮುಟ್ಟಿ ಹೇಳಿದ್ದನ್ನೇ ತುಳುವಿನಲ್ಲಿ ಹೇಳಿದರು, ನೂರು ವರ್ಷ ಬಾಳು ಮಗೂ ಎಂದು. ಅಜ್ಜಿಗೆ ಭಾಷೆ ತಿಳಿಯಲಿಲ್ಲ. ಕಣ್ಣು ಒರೆಸಿಕೊಂಡು ಇವರ ಕಾಲು ಮುಟ್ಟಿದರು.

ಆರನೆಯ ಮನೆ ಮುಗಿಸಿ ರಸ್ತೆಗೆ ಬರುವಾಗ ನಿಜವಾದ ಕಿನ್ನರರಲ್ಲೊಬ್ಬಳು ಎದುರಾದಳು. ಆ ಸಿಗ್ನಲಿನಲ್ಲಿ ನಿತ್ಯ ಕಾಣುವವಳು. ಅಷ್ಟು ಹೊತ್ತಿನಲ್ಲಿ ಇವರನ್ನು ಕಂಡ ಕೂಡಲೇ ಇದು ವೇಷವೆಂದು ತಿಳಿದವಳು ಅವಳೊಬ್ಬಳೇ. ಮೇಲಿನಿಂದ ಕೆಳಗೆ ನೋಡಿ ನಕ್ಕು, ನಾಟಕವೇ ಎಂದು ಹಿಂದಿಯಲ್ಲಿ ಕೇಳಿದಳು. ಇವರು ಕೈ ಮುಗಿದು, ಮಗನ ಹರಕೆ ಎಂದರು. ಅವಳ ನಗು ನಿಂತಿತು. ಹತ್ತಿರ ಬಂದು, ಜಾರುತ್ತಿದ್ದ ಇವರ ಸೆರಗನ್ನು ಮಡಿಸಿ ಪಿನ್ನು ಸರಿಯಾಗಿ ಹಾಕಿದಳು. ಆಮೇಲೆ "ಘರ್ ಜಾಕೆ ಉತಾರ್ ದೇಗಾ ನಾ? ಅಚ್ಛಾ ಹೈ" ಎಂದು ಹೊರಟುಹೋದಳು. ಮನೆಗೆ ಹೋಗಿ ಕಳಚಿಡಬಹುದಲ್ಲ ನಿನಗೆ ಎಂದು ಆ ಮಾತಿನ ಅರ್ಥ. ಭಾನುವಾರ ಭಾನುವಾರ ಚಾಪೆ ಹಾಸಿ ನಕ್ಕದ್ದೆಲ್ಲ ನನಗೆ ನೆನಪಿಗೆ ಬಂದು ಕಿವಿ ಬಿಸಿಯಾಯಿತು.

ಇನ್ನೊಂದು ಮನೆ ಉಳಿದಿತ್ತು. ಗಂಟೆ ನಾಲ್ಕಾಗಿತ್ತು. ತಿರುವಿನಲ್ಲಿ ಒಂದು ಸ್ಯಾಂಡ್‌ವಿಚ್ ಗಾಡಿ, ಅದರ ಸುತ್ತ ನಾಲ್ಕೈದು ಹುಡುಗರು. ನಡುವೆ ನಮ್ಮ ಮಗ. ಪಕ್ಕದಲ್ಲಿ ಎದುರಿನ ಫ್ಲ್ಯಾಟಿನ ಹುಡುಗ.

ನಾನು ಏನು ಮಾಡಿದೆ ಎಂದು ಬರೆಯಲು ಕೈ ಏಳುತ್ತಿಲ್ಲ. ಅಲ್ಲೊಂದು ಟೆಂಪೋ ನಿಂತಿತ್ತು. ನಾನು ಅದರ ಹಿಂದೆ ಹೋಗಿ ನಿಂತೆ. ಯೋಚಿಸಿ ಹೋದದ್ದಲ್ಲ, ಕಾಲೇ ಹೋಯಿತು. ಇವರು ನಾನು ಹಿಂದೆ ಇದ್ದೇನೆಂದೇ ತಿಳಿದವರಂತೆ ಮುಂದೆ ನಡೆದರು. ಹುಡುಗರನ್ನು ಕಂಡು ಒಂದು ಕ್ಷಣ ನಿಂತರು. ಬಳಸಿ ಹೋಗಲು ಅಲ್ಲಿ ಬೇರೆ ದಾರಿ ಇರಲಿಲ್ಲ. ತಲೆ ತಗ್ಗಿಸಿ, ಗಾಡಿಯ ಪಕ್ಕದಿಂದ ದಾಟಿ ಹೋಗಲು ನೋಡಿದರು.

ಹುಡುಗರಲ್ಲಿ ಒಬ್ಬ ಏನೋ ಅಂದ, ಉಳಿದವರು ನಕ್ಕರು. ಎದುರಿನ ಫ್ಲ್ಯಾಟಿನ ಹುಡುಗ, ಏನಾದರೂ ಕೊಟ್ಟು ಕಳಿಸು, ಇಲ್ಲವಾದರೆ ಶಾಪ ಹಾಕುತ್ತಾರೆ ಎಂದು ನಮ್ಮ ಮಗನ ಹೆಗಲು ತಟ್ಟಿದ. ಮಗ ತಲೆಯೆತ್ತಿದ. ಅಪ್ಪನೂ ಮಗನೂ ಎದುರುಬದುರು, ನಡುವೆ ಒಂದು ತೋಳಿನಷ್ಟು ಜಾಗ. ಮಗ ಜೇಬಿಗೆ ಕೈ ಹಾಕಿ ಹತ್ತು ರೂಪಾಯಿಯ ನೋಟು ತೆಗೆದು ಚಾಚಿದ.

"ಆಗೇ ಜಾವ್" ಎಂದ. ಮುಂದಕ್ಕೆ ಹೋಗು ಎಂದ ನನ್ನ ಮಗ, ತನ್ನ ಅಪ್ಪನಿಗೆ.

ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ. ಇವರು ಎರಡೂ ಕೈಯಲ್ಲಿ ನೋಟು ತೆಗೆದುಕೊಂಡರು. ಬಲಗೈಯನ್ನು ಅವನ ತಲೆಯ ಮೇಲಿಟ್ಟರು, ಮೂರನೆಯ ಮನೆಯಲ್ಲಿ ಕೂಸಿನ ನೆತ್ತಿಯ ಮೇಲೆ ಇಟ್ಟ ಹಾಗೆಯೇ. ಆಮೇಲೆ ಮುಂದಕ್ಕೆ ಹೋದರು.

ನಾನು ಟೆಂಪೋದ ಹಿಂದಿನಿಂದ ಎಲ್ಲ ನೋಡಿದೆ. ಅವನಿಗೆ ಗುರುತು ಸಿಗಲಿಲ್ಲ, ಸಿಕ್ಕಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮೀಸೆಯಿಲ್ಲದ ಅಪ್ಪನನ್ನು ಅವನು ಎಂದು ಕಂಡಿದ್ದ? ಕಾಡಿಗೆ, ಕುಂಕುಮ, ಹೂವು. ಆದರೆ ಆ ಸೀರೆ? ಎರಡನೆಯ ಕ್ಲಾಸಿನಲ್ಲಿ ನನ್ನ ಅಮ್ಮ ಎಂದು ಚಿತ್ರ ಬರೆದು ತಂದಾಗ ಅದಕ್ಕೆ ಹಸಿರು ಬಳಿದು ಕಡುಗೆಂಪು ಅಂಚು ಬರೆದವನು ಅವನೇ. ಸಿಟ್ಟು ನೆತ್ತಿಗೇರಿತು. ಇವನು ಬದುಕಲಿ ಎಂದಲ್ಲವೇ ಇದೆಲ್ಲ ಎಂದು ಓಡಿಹೋಗಿ ಅವನ ಕೆನ್ನೆಗೆ ಬಾರಿಸಬೇಕು ಎನಿಸಿತು. ಬಾರಿಸುವುದಕ್ಕೆ ಮೊದಲು ಟೆಂಪೋದ ಹಿಂದಿನಿಂದ ಹೊರಗೆ ಬರಬೇಕಲ್ಲ. ನಾನು ಹುಡುಗರು ಹೋಗುವವರೆಗೂ ಹೊರಗೆ ಬರಲಿಲ್ಲ.

ಇವರು ಮುಂದಿನ ತಿರುವಿನಲ್ಲಿ ನನಗಾಗಿ ಕಾದು ನಿಂತಿದ್ದರು. ಮನೆಯ ಹತ್ತಿರ ಬಂದಾಗ ನಾನೇ ಬಾಯಿ ತೆರೆದು, ಅವನಿಗೆ ಗುರುತು ಸಿಗಲಿಲ್ಲ ಕಾಣುತ್ತದೆ ಎಂದೆ. ಹ್ಞೂಂ, ಸಿಗಲಿಲ್ಲ, ನೀನು ಅಷ್ಟು ಚೆನ್ನಾಗಿ ಉಡಿಸಿದ್ದೀ ಎಂದರು. ಆಮೇಲೆ ಆ ಹತ್ತು ರೂಪಾಯಿಗೆ ಏಳೂ ಮುಗಿಯಿತಲ್ಲ ಎಂದು ಕೇಳಿದರೆ ಮೆಟ್ಟಿಲು ಹತ್ತತೊಡಗಿದರು. ಮನೆಗೆ ಬಂದು, ಸೀರೆಯಲ್ಲೇ ದೇವರ ಗೂಡಿನ ಮುಂದೆ ಗೋಡೆಗೆ ಒರಗಿ ಕೂತರು. ನಾನು ಚಾ ಮಾಡಿ ತಂದೆ. ಬೆವರಿಗೆ ಅವರ ಕುಂಕುಮ ಮೂಗಿನ ತನಕ ಇಳಿದಿತ್ತು.

ಆರು ಗಂಟೆಯ ಹೊತ್ತಿಗೆ ಮಗ ಬಂದ. ಚಪ್ಪಲಿ ಕಳಚಿ, ಯಾರ ಮುಖವನ್ನೂ ನೋಡದೆ ಒಳಗೆ ಹೋಗುವವನನ್ನು ಇವರು ಕೂತುಕೋ ಎಂದರು. ಅವನು ಸೋಫಾದ ತುದಿಯಲ್ಲಿ ಕೂತು ಮೊಬೈಲು ತೆಗೆದ. ನಾನು ದೀಪ ಹಚ್ಚಿ, ಊರಿಗೆ ಕಳಿಸುವ ಗಂಟಿಗಾಗಿ ಅರಿಸಿನ ಹಚ್ಚಿದ ಬಟ್ಟೆ ಹಾಸಿದೆ. ಇವರು ಚೀಲದಿಂದ ಒಂದೊಂದೇ ಮನೆಯದನ್ನು ತೆಗೆದು ಬಟ್ಟೆಯ ಮೇಲೆ ಇಟ್ಟರು. ಆರು ಮನೆಯದು ಆಯಿತು. ಆಮೇಲೆ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ, ನಾಲ್ಕು ಮಡಿಕೆ ಮಾಡಿದ ಹತ್ತರ ನೋಟನ್ನು ತೆಗೆದರು. ಗಂಟಿಗೆ ಹಾಕಲಿಲ್ಲ. ಕೈ ನೀಡಿ ಮಗನ ಮುಂದೆ ಹಿಡಿದರು.

"ತೆಕ್ಕೋ. ಇದು ನಮ್ಮ ಮನೆಯದ್ದು. ಹರಕೆಗೆ ಸಲ್ಲುವುದಿಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಗಲ್ಲೆಯಲ್ಲಿ ಗಿರಾಕಿಗೆ ಚಿಲ್ಲರೆ ವಾಪಸು ಕೊಡುವಾಗ ಹೇಗೆ ಹೇಳುತ್ತಾರೋ ಹಾಗೆ ಹೇಳಿದರು. ಅದಕ್ಕಿಂತ ಬೈದಿದ್ದರೆ, ಹೊಡೆದಿದ್ದರೆ ಒಳ್ಳೆಯದಿತ್ತು. ಮಗನ ಕೈಯಿಂದ ಮೊಬೈಲು ಜಾರಿ ಚಾಪೆಯ ಮೇಲೆ ಬಿತ್ತು. ಅವನು ನೋಟನ್ನು ತೆಗೆದುಕೊಂಡು ನೋಡುತ್ತಲೇ ಕೂತ. ಇವರು ಮಾತ್ರ ಮೊಣಕಾಲಿಗೆ ಕೈ ಊರಿ ಎದ್ದು ನಿಂತು, ಕನ್ನಡಿ ನೋಡಿ ಕುಂಕುಮ ಸರಿಮಾಡಿಕೊಂಡರು.

"ಇನ್ನೊಂದು ಮನೆ ಬಾಕಿ ಉಂಟು. ಈ ಸಲ ಹತ್ತಿರ ನಡೀ ಮಾರಾಯ್ತಿ" ಎಂದರು ನನಗೆ.

ಅಂದರೆ ಟೆಂಪೋದ ಹಿಂದೆ ನಿಂತದ್ದೂ ಇವರಿಗೆ ಗೊತ್ತಿತ್ತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ನಾನು ಚೀಲ ಎತ್ತಿಕೊಂಡು ಇವರ ಪಕ್ಕಕ್ಕೆ ಹೋಗಿ ನಿಂತೆ. ಯಾವ ಕಡೆ ಹೋಗುವುದು ಎಂದು ಕೇಳುವಷ್ಟರಲ್ಲಿ ಮಗ ಎದ್ದ. ನಮ್ಮನ್ನು ದಾಟಿ ಬಾಗಿಲು ತೆರೆದು, ಬರಿಗಾಲಲ್ಲೇ ಪ್ಯಾಸೇಜಿಗೆ ಹೋಗಿ ಎದುರಿನ ಫ್ಲ್ಯಾಟಿನ ಬೆಲ್ಲು ಒತ್ತಿದ.

ನಾನು ಬೇಡ ಎನ್ನಲು ಕೈ ಎತ್ತಿದೆ. ಬಾಗಿಲು ಆಗಲೇ ತೆರೆದಿತ್ತು. ತೆರೆದವನು ಅವನ ಗೆಳೆಯನೇ. ಮೊದಲು ನಮ್ಮ ಮಗನನ್ನು ನೋಡಿದ, ಆಮೇಲೆ ಹಿಂದೆ ನಿಂತ ಇವರನ್ನು. ಸೀರೆಯ ಗುರುತು ಸಿಕ್ಕಿತೆಂದು ಕಾಣುತ್ತದೆ, ತುಟಿಯಲ್ಲಿ ನಗು ಶುರುವಾಯಿತು.

"ಮೇರೇ ಪಪ್ಪಾ ಹೈಂ" ಎಂದ ನನ್ನ ಮಗ. ದನಿ ಒಡೆದಿತ್ತು. "ವಹಾಂ ಭೀ ಯಹೀ ಥೇ. ಮುಝೇ ಮಾಲೂಮ್ ಥಾ."

ಅಲ್ಲಿಯೂ ಇವರೇ ಇದ್ದದ್ದು, ತನಗೆ ಗೊತ್ತಿತ್ತು ಎಂದು ಗೆಳೆಯನ ಮುಖ ನೋಡಿಯೇ ಹೇಳಿದ. ಆ ಹುಡುಗನ ನಗು ಅಲ್ಲಿಗೇ ನಿಂತಿತು. ನಾನು ಇವರ ಕಡೆ ನೋಡಿದೆ. ಕೂಸನ್ನು ಹಿಡಿದಾಗ, ನೋಟು ಹಿಡಿದಾಗ ಅಲ್ಲಾಡದಿದ್ದ ಇವರ ಗಲ್ಲ ಈಗ ನಡುಗುತ್ತಿತ್ತು.

ಒಳಗಿನಿಂದ ಹುಡುಗನ ತಾಯಿ ಕೈ ಒರೆಸಿಕೊಳ್ಳುತ್ತ ಬಂದರು. ನಾನು ತಡವರಿಸುತ್ತ ಹರಕೆಯ ವಿಷಯ ಹೇಳಲು ಹೊರಟೆ. ಅವರು ನನ್ನನ್ನು ನೋಡಿದರು, ಇವರನ್ನು ನೋಡಿದರು, ಅಳುತ್ತಿದ್ದ ನಮ್ಮ ಮಗನನ್ನು ನೋಡಿದರು. ಪೂರ್ತಿ ಕೇಳಿಸಿಕೊಳ್ಳದೆ ಒಳಗೆ ಹೋದರು. ಬಾಗಿಲು ಹಾಕಿಬಿಡುತ್ತಾರೆ ಎಂದೇ ತಿಳಿದೆ. ಅವರು ಹೊರಗೆ ಬಂದಾಗ ಕೈಯಲ್ಲಿ ಮೊರ ಇತ್ತು. ಅದರಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ರವಿಕೆಗೆ ಒಂದು ಖಣದ ತುಂಡು.

"ಸೆರಗ ಒಡ್ರೀ" ಎಂದರು ಇವರಿಗೆ. "ಶುಕ್ರವಾರ ದಿನಾ ಸೀರಿ ಉಟ್ಟು ಬಾಗಿಲಿಗೆ ಬಂದವರ ಉಡಿ ತುಂಬದ ಕಳಸಂಗಿಲ್ಲ ನಾವು."

ಅವರ ಕಡೆ ಮುತ್ತೈದೆಯ ಸೆರಗಿಗೆ ಅಕ್ಕಿ ಕಾಯಿ ಹಾಕಿ ಉಡಿ ತುಂಬುತ್ತಾರೆ. ನನಗೆ ಎಷ್ಟೋ ಸಲ ತುಂಬಿದ್ದಾರೆ. ಇವರಿಗೆ ಸೆರಗನ್ನು ಹೇಗೆ ಒಡ್ಡುವುದೆಂದು ತಿಳಿಯಲಿಲ್ಲ. ಒಂದು ತುದಿ ಹಿಡಿದರೆ ಇನ್ನೊಂದು ಜಾರುತ್ತಿತ್ತು, ಅಕ್ಕಿ ಚೆಲ್ಲುವುದರಲ್ಲಿತ್ತು. ನಾನು ಮುಂದೆ ಹೋಗುವ ಮೊದಲೇ ಮಗ ಕಣ್ಣು ಒರೆಸಿಕೊಂಡು ಬಂದು, ಹಸಿರು ಸೀರೆಯ ಆ ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಪ್ಪನ ಪಕ್ಕದಲ್ಲಿ ನಿಂತ.